ಟೀಚರ್ ಕೇಳದ ತೇಪೆಗೆ ಟೀಚರ್ ಹೆಸರು

ಉಚಿತ ಕನ್ನಡ ವಾಚಕ ತಂತ್ರಾಂಶದ ಬಿಡುಗಡೆಯ ಹೊಣೆ ಹೊತ್ತ ಮಾನ್ಯರೇ,

ಮೂಡುಬಿದಿರೆಯ ಅನಂತಮತಿ ಟೀಚರ್ ಪರೀಕ್ಷಿಸದೇ ಇದ್ದದ್ದನ್ನು ಅವರು ಪರೀಕ್ಷಿಸಿದ್ದಾರೆಂದು ನೀವು ಊರಿಗೆಲ್ಲ ಸಾರಿದ್ದೀರಿ. ನನ್ನ ದೂರು ಇಷ್ಟೇ. ನಿಮಗೆ ಇದು ಸಣ್ಣ ವಿಷಯವಾಗಿ ಕಂಡಿರುವುದರಿಂದ ಬಹಿರಂಗವಾಗಿ ಬರೆಯಬೇಕಾಯಿತು.

ನಮ್ಮ ಪದ್ಧತಿ ನಿಮಗೆ ತಿಳಿಯದ್ದಲ್ಲ. ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಈ ತಂತ್ರಾಂಶದ ಪ್ರತಿ ಹೊಸ ಆವೃತ್ತಿಯನ್ನೂ ನಾನು ಹಳೆಯ ಲ್ಯಾಪ್‌ಟಾಪಿಗೆ ತುಂಬಿಸಿ, ಕಲ್ಲಡ್ಕದಿಂದ ಬಸ್ಸು ಹಿಡಿದು ಟೀಚರ ಮನೆಗೆ ಒಯ್ಯುತ್ತೇನೆ. ಸಂಗೀತ ಕಲಿಸಿ ನಿವೃತ್ತರಾದ ಅವರಿಗೆ ಕಣ್ಣು ಕಾಣದು. ಯಂತ್ರ ಒಂದು ಒತ್ತಕ್ಷರ ನುಂಗಿದರೂ ಅವರು ಬಿಡುವುದಿಲ್ಲ. ಅವರು ಆಗಬಹುದು ಎಂದ ಮೇಲೆಯೇ ಬಿಡುಗಡೆ ಟಿಪ್ಪಣಿಯಲ್ಲಿ ಅವರ ಹೆಸರು. ಆ ಹೆಸರಿದ್ದರೆ ಮಾತ್ರ ನಮ್ಮ ಕಡೆಯ ಅಂಧ ಬಳಕೆದಾರರು ಹೊಸದನ್ನು ಹಾಕಿಕೊಳ್ಳುವುದು.

ಈ ಸಲವೂ ಟೀಚರ್ ಒಪ್ಪಿದರು. ಆಮೇಲೆ, ಬಿಡುಗಡೆಯ ಮುನ್ನಾದಿನ, ಹೊಸ ಕಂಪ್ಯೂಟರುಗಳಿಗೂ ಹೊಂದಲಿ ಎಂದು ಯಾರೋ ಕಳಿಸಿದ ತೇಪೆಯೊಂದನ್ನು, ಅಂದರೆ ತಂತ್ರಾಂಶದ ಸಣ್ಣ ತಿದ್ದುಪಡಿಯೊಂದನ್ನು, ನೀವು ಸೇರಿಸಿದಿರಿ. ಹಳೆಯ ಯಂತ್ರದಲ್ಲಿ ಓಡಿಸಿ ನೋಡಿದಿರಾ? ಇಲ್ಲ. ಯಾರೂ ಆಕ್ಷೇಪಿಸಲಿಲ್ಲ ಎಂದು ಸಮಜಾಯಿಷಿ ಬೇರೆ. ಮಧ್ಯಾಹ್ನ ಬಂದದ್ದನ್ನು ಸಂಜೆಯೊಳಗೆ ಸೇರಿಸಿದರೆ ಆಕ್ಷೇಪಿಸಲು ನಾವೇನು ಮಿಂಚಂಚೆಯ ಮುಂದೆ ಚಾಪೆ ಹಾಸಿ ಮಲಗಿದ್ದೆವೇ? ತೇಪೆ ಹೊಸದು ಬಂತು, ಟೀಚರ ಹೆಸರು ಹಾಗೆಯೇ ಉಳಿಯಿತು.

ಬೆಳ್ತಂಗಡಿಯ ನಿಝಾರ್ ಆ ಹೆಸರನ್ನು ನಂಬಿ ಹೊಸದನ್ನು ಹಾಕಿಕೊಂಡರು. ಅವರಿಗೂ ಕಣ್ಣು ಕಾಣದು. ಬಂಟ್ವಾಳದ ಒಂದು ಕಚೇರಿಯಲ್ಲಿ ಟೈಪಿಸ್ಟ್ ಕೆಲಸಕ್ಕೆ ಕರೆ ಬಂದಿತ್ತು. ಹೊಸದು ಹಾಕಿಕೊಂಡ ಮರುದಿನವೇ ಅಲ್ಲಿ ತಮ್ಮದೇ ಹಳೆಯ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿ ತೋರಿಸಲು ಕುಳಿತರು. ಇಂಗ್ಲಿಷನ್ನು ಯಂತ್ರ ಸರಾಗವಾಗಿ ಓದಿತು; ಕನ್ನಡ ಬಂದೊಡನೆ ಬಾಯಿ ಮುಚ್ಚಿತು. ತಾವು ಬರೆದದ್ದೇನೆಂದು ತಮಗೇ ತಿಳಿಯದೆ ಬೆವರುತ್ತಿದ್ದವರನ್ನು, ತಿಳಿಸುತ್ತೇವೆ ಎಂದು ಸಾಗಹಾಕಿದರು. ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡೂ ಆಯಿತು.

ವಿಷಯ ಹೇಳಿದಾಗ ಟೀಚರ್, "ಅವ ಫೋನ್ ಮಾಡಿ ಕೇಳಿದ್ದ, ಟೀಚರೇ ಹೊಸದು ಹಾಕಬಹುದಾ ಅಂತ. ಧೈರ್ಯದಲ್ಲಿ ಹಾಕು ಅಂತ ನಾನೇ ಹೇಳಿದ್ದು. ಇನ್ನು ಅವನ ಹತ್ರ ಹೇಗೆ ಮಾತಾಡುವುದು ಮಾರಾಯ್ರೆ?" ಎಂದರು. ನಿಮ್ಮ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಸಂಬಳವಿಲ್ಲದ ದುಡಿಮೆ, ತಪ್ಪಾಗುತ್ತದೆ ಎನ್ನುತ್ತೀರಿ. ಟೀಚರಿಗೇನು ನೀವು ಸಂಬಳ ಕೊಡುತ್ತಿದ್ದೀರಾ?

ಈ ಆವೃತ್ತಿಯನ್ನು ಇಂದೇ ಹಿಂದಕ್ಕೆ ತೆಗೆದುಕೊಳ್ಳಿ. ಟೀಚರ್ ಒಪ್ಪಿದ ಮೇಲೆ ಏನೇ ಬದಲಾದರೂ ಮತ್ತೆ ಅವರ ಕಿವಿಗೆ ಬೀಳಲಿ, ಇಲ್ಲವಾದರೆ ಅವರ ಹೆಸರು ಬೇಡ. ನಿಮ್ಮ ಜಾಲತಾಣದಲ್ಲಿ ಚಂದದ ಕನ್ನಡದಲ್ಲಿ ವಿಷಾದ ಪ್ರಕಟಿಸಿದ್ದೀರಿ. ನಾನು ಓದಿದೆ. ನಿಝಾರ್ ಓದಿಲ್ಲ, ಅವರ ಲ್ಯಾಪ್‌ಟಾಪು ಇನ್ನೂ ಕನ್ನಡ ಓದುತ್ತಿಲ್ಲ. ಅವರಿಗೆ ಫೋನ್ ಮಾಡಿ.

ಇಂತಿ,
ಸದ್ಯಕ್ಕಂತೂ ನಿಮ್ಮದೇ ಬಳಗದ ಸ್ವಯಂಸೇವಕ,
ಶಿವಕೃಷ್ಣ, ಕಲ್ಲಡ್ಕ