ಗಾಡಿ ಬಿಡು

ಮೇ 3. ಬೆಳಿಗ್ಗೆ 6.10
ಚೈನಿಗೆ ಎಣ್ಣೆ ಆಯ್ತು. ಟೈರ್ ಸರಿ. ಎಡಗೈ ಮುಷ್ಟಿ ಹಿಡಿದು ಬಿಟ್ಟು, ಹಿಡಿದು ಬಿಟ್ಟು — ಇಪ್ಪತ್ತು ಸಲ. ಮುರಿದ ಮಣಿಕಟ್ಟಿನೊಳಗೆ ಸ್ಟೀಲ್ ಪ್ಲೇಟು ಕೂತು ಹನ್ನೊಂದು ತಿಂಗಳು. ಲ್ಯಾಬಿಗೆ ರಜೆ ಹಾಕಿದ್ದೀನಿ. ಒಂದು ವಾರ ಯಾರ ರಕ್ತಾನೂ ತೆಗೆಯಲ್ಲ, ಊರು ನೆಮ್ಮದಿಯಾಗಿರಲಿ.

ಬೆಟ್ಟ ದಾಟಿ ಅಣ್ಣನ ಮನೆ. ಮೂರು ದಿನ. ಎಮ್ಮೆನ ಅವನ ಶೆಡ್ಡಲ್ಲಿ ಬಿಟ್ಟು, ನಾನು ಬಸ್ಸಲ್ಲಿ ವಾಪಸ್. ಟಿಕೆಟ್ ಆಗಿದೆ. (ಎಮ್ಮೆ ಅಂದ್ರೆ ನನ್ನ ಬೈಕು. ಕಪ್ಪು, ಭಾರ, ಮೊಂಡು.)

ಅಣ್ಣನೇ ಹೇಳಿದ್ದು. ಬಿದ್ದು ಕೈ ಮುರ್ಕೊಂಡಾಗ ಮೆಸೇಜ್ ಮಾಡಿ ಕೇಳಿದ್ದೆ, ಮುಂದೇನ್ ಮಾಡ್ಲಿ ಅಂತ. ಸ್ಟ್ರೋಕ್ ಆದಮೇಲೆ ಅವನಿಗೆ ಮಾತಿಲ್ಲ. ಒಂದೇ ಬೆರಳಲ್ಲಿ ಟೈಪ್ ಮಾಡ್ತಾನೆ. ಎರಡೇ ಪದ ಬಂತು: "ಗಾಡಿ ಬಿಡು."

ಹದಿನೈದನೇ ವಯಸ್ಸಲ್ಲಿ ಕಲಿಸಿದವನು ಅವನೇ. ಅವನೇ ಅಂದ್ಮೇಲೆ ಇನ್ನೇನು? ಎಮ್ಮೆಗೆ ಮುಸುಕು ಹಾಕಿದೆ. ನಾನೂ ಮುಖ ಊದಿಸ್ಕೊಂಡು ಕೂತೆ. "ಹುಷಾರಾ?" "ಹೂಂ." ಆಮೇಲೆ ನಮ್ಮಿಬ್ಬರ ಮಧ್ಯೆ ಅಷ್ಟೇ ಮೆಸೇಜು.

ಕೊನೇ ಸವಾರಿ. ಅಳೋದೇನಿಲ್ಲ.

ಮೇ 3. ಸಂಜೆ 4
ಅತ್ತುಬಿಟ್ಟೆ. ಹೆಲ್ಮೆಟ್ ಒಳಗೆ ಯಾರಿಗೆ ಕಾಣುತ್ತೆ.

ಮೊದಲ ತಿರುವಲ್ಲೇ ಅಣ್ಣನ ಹಳೇ ದನಿ ಕಿವೀಲಿ — ನಿಧಾನಕ್ಕೆ, ಕ್ಲಚ್ ನಿಧಾನಕ್ಕೆ! ಎಮ್ಮೆ ಗೊಣಗ್ತಾ ಏರಿತು. ಏನ್ ಬೆಟ್ಟ, ಏನ್ ಗಾಳಿ... ಇಷ್ಟನ್ನೂ ಬಿಟ್ಟು ನಾನು ಟಿವಿ ನೋಡ್ತಾ ಕೂತಿದ್ದೆನಲ್ಲ.

ಚಹಾ ಅಂಗಡಿ ಅಜ್ಜಿ, ಮಂಜಿಗೆ ಒದ್ದೆಯಾದ ನನ್ನ ಗ್ಲೌಸ್ ಕಿತ್ಕೊಂಡು ಒಲೆ ಪಕ್ಕ ಒಣಗಿಸಿದ್ರು. "ಈ ವಯಸ್ಸಲ್ಲಿ ಇಂಥ ಗಾಡಿ ಬಿಡ್ತೀಯಲ್ಲ, ಭಲೇ!" ಅಂದ್ರು.

"ಇನ್ನೆರಡು ದಿನ ಅಷ್ಟೇ ಅಜ್ಜಿ."

"ಯಾಕೆ? ಆಮೇಲೆ ವಿಮಾನಾನಾ?"

ಹೊಟ್ಟೆ ಹುಣ್ಣಾಗೋಷ್ಟು ನಕ್ಕೆ. ಗ್ಲೌಸ್ ಇನ್ನೂ ಬೆಚ್ಚಗಿದೆ.

ಮೇ 4. ಮಧ್ಯಾಹ್ನ 1
ಬಿದ್ದೆ. ಜಲ್ಲಿ ರಸ್ತೆ, ಚಳಿಗೆ ಬೆರಳು ಕೊರಡು, ಕ್ಲಚ್ ಎಳೆಯೋಕೇ ಆಗ್ಲಿಲ್ಲ. ಎಮ್ಮೆ ಮಲಗಿಬಿಡ್ತು. ಪಕ್ಕದಲ್ಲಿ ನಾನು. ಏಟಿಲ್ಲ, ಮಾನ ಹೋಯ್ತು ಅಷ್ಟೇ. ಸರಿ ಬಿಡು, ಅಣ್ಣ ಹೇಳಿದ್ದು ನಿಜ ಅಂದ್ಕೊಂಡೆ.

ರೋಡ್ ರೋಲರ್ ಡ್ರೈವರ್ ಓಡಿ ಬಂದ. ಎಮ್ಮೆನ ಎತ್ತಿದ. ಕ್ಲಚ್ ಒತ್ತಿ ನೋಡಿ ಮುಖ ಕಿವುಚಿದ.

"ಎಷ್ಟು ದಿನ ನಿಲ್ಲಿಸಿದ್ರಿ ಇದನ್ನ?"

"ಹನ್ನೊಂದು ತಿಂಗಳು."

"ಮತ್ತೆ? ಕೇಬಲ್ ಒಣಗಿ ಕಟ್ಟಿಗೆಯಾಗಿದೆ. ಪೈಲ್ವಾನನ ಕೈಗೂ ಬಗ್ಗಲ್ಲ."

ಕೇಬಲ್ಲಿಗೆ ಎಣ್ಣೆ ಇಳಿಸಿದ, ಲಿವರ್ ಒಳಕ್ಕೆ ತಿರುಗಿಸಿದ. ಈಗ ಎರಡೇ ಬೆರಳು ಸಾಕು! ಪಾಪ, ನನ್ನ ಕೈನ ಸುಮ್ನೆ ಬೈದೆ.

ಅವನ ತೋಳಲ್ಲಿ ಹಗ್ಗದಂಥ ನರ. "ಕಣ್ಮುಚ್ಚಿ ಸೂಜಿ ಹಾಕಬಹುದು" ಅಂತ ಹೊಗಳಿದೆ. ಎರಡು ಹೆಜ್ಜೆ ಹಿಂದೆ ಸರಿದ. ಅವನ ಹೊಟ್ಟೆ ತಣ್ಣಗಿರಲಿ.

ಮೇ 4. 3.40
ತುದಿ. ಆಚೆ ಕಣಿವೆ, ಈಚೆ ಕಣಿವೆ, ಮಧ್ಯೆ ನಾನು, ಎಮ್ಮೆ. ಮಂಜು ಇನ್ನೂ ಪೂರ್ತಿ ಕರಗಿಲ್ಲ.

ಜೋರಾಗಿ ಥ್ಯಾಂಕ್ಸ್ ಹೇಳಿದೆ. ಅಜ್ಜಿಗೆ, ರೋಲರಿಗೆ, ಪ್ಲೇಟು ಕೂರಿಸಿದ ಡಾಕ್ಟ್ರಿಗೆ. ಎಮ್ಮೆ ಕೊಂಬಿಗೆ ಮುತ್ತು ಕೊಟ್ಟೆ. ಯಾರೂ ನೋಡ್ಲಿಲ್ಲ.

ಇದನ್ನ ಹೇಗೆ ಬಿಟ್ಟು ಬರ್ಲಿ...

ಮೇ 7. ಬೆಳಿಗ್ಗೆ 11
ಎರಡು ದಿನ ಬರೀಲಿಲ್ಲ. ಬರೆಯೋ ಹಾಗಿರಲಿಲ್ಲ.

ಮೊನ್ನೆ ತಲುಪಿದೆ. ಎಮ್ಮೆ ಸದ್ದಿಗೆ ಅಣ್ಣ ಗೋಡೆ ಹಿಡ್ಕೊಂಡು ಬಾಗಿಲಿಗೆ ಬಂದಿದ್ದ. ಬಡವಾಗಿದ್ದಾನೆ. ಕೀ ತೆಗೆದು ಅವನ ಅಂಗೈಗೆ ಹಾಕಿದೆ. "ತೊಗೊ. ನೀನು ಹೇಳಿದ ಹಾಗೇ ಬಿಟ್ಟೆ."

ಕೀ ನೋಡಿದ. ನನ್ನ ನೋಡಿದ. ಫೋನ್ ತೆಗೆದು ಒತ್ತಿದ: "ಯಾಕೆ?"

ಹಳೇ ಮೆಸೇಜ್ ಮುಖದ ಮುಂದೆ ಹಿಡಿದೆ. ಅವನ ಭುಜ ಅದುರೋಕೆ ಶುರುವಾಯ್ತು. ನನಗೆ ಜೀವವೇ ಹೋಯ್ತು. ಅತ್ತಿಗೆ ನೀರು ಹಿಡ್ಕೊಂಡು ಓಡಿ ಬಂದ್ರು. ನೋಡಿದ್ರೆ — ನಗು! ಸದ್ದಿಲ್ಲದ ನಗು, ಕಣ್ಣಲ್ಲಿ ನೀರು. ಒಂದೊಂದೇ ಅಕ್ಷರ ಒತ್ತಿದ.

"ಬಿಡು ಅಂದ್ರೆ ಓಡಿಸು. ಪೆದ್ದಿ."

ಅತ್ತಿಗೆ ಸೆರಗಲ್ಲಿ ಅವನ ಕಣ್ಣೊರೆಸಿದ್ರು. "ಯಾವುದೇ ಬೈಕ್ ಸದ್ದಾದ್ರೂ ಎದ್ದು ಬಾಗಿಲಿಗೆ ಹೋಗೋರು ಕಣಮ್ಮ. ನೀನು ಬಂದೆ ಅಂತ. ಹನ್ನೊಂದು ತಿಂಗಳು."

ಅಯ್ಯೋ. ಕೂತು ಜೋರಾಗಿ ಅತ್ತೆ. ಈ ಸಲ ಹೆಲ್ಮೆಟ್ ಇರಲಿಲ್ಲ.

ಮೇ 8. ಬೆಳಿಗ್ಗೆ 7.30
ಬಸ್ಸು ಒಂಬತ್ತಕ್ಕೆ. ಹೋಗಲಿ, ನಾನಿಲ್ಲದೆ. ಟಿಕೆಟನ್ನ ಈ ಡೈರಿಗೆ ಗುರುತು ಇಟ್ಕೊಂಡಿದ್ದೀನಿ.

ಅಣ್ಣ ಆರಕ್ಕೇ ಎದ್ದಿದ್ದಾನೆ. ಹಳೇ ಹೆಲ್ಮೆಟ್ ಹಾಕ್ಕೊಂಡು ಮೆಟ್ಟಿಲ ಮೇಲೆ ಕೂತಿದ್ದಾನೆ. ಹಿಂದಿನ ಸೀಟು ಅವನದಂತೆ. ಬೀದಿ ಕೊನೆವರೆಗೆ ಮಾತ್ರ ಅಂತ ಅತ್ತಿಗೆ ಆಣೆ ಹಾಕಿಸ್ಕೊಂಡಿದ್ದಾರೆ. ನಮ್ಮಿಬ್ಬರನ್ನೂ ಸೇರಿಸಿ ಸೊಂಟಕ್ಕೆ ಕಟ್ಟೋಕೆ ಬೆಡ್‌ಶೀಟ್ ಹಿಡ್ಕೊಂಡು ನಿಂತಿದ್ದಾರೆ. ಕ್ಲಚ್ ಎರಡು ಸಲ ಒತ್ತಿ ನೋಡಿ ಬಂದೆ. ಕಲಿಸಿದವನನ್ನ ಕೂರಿಸ್ಕೊಂಡು ಹೋಗೋದು ಇದೇ ಮೊದಲು.

ಫೋನ್ ಗುಂಯ್ ಅಂತು. ಹತ್ತು ಹೆಜ್ಜೆ ದೂರದಿಂದ ಮೆಸೇಜು. ಪೂರ್ತಿ ಒತ್ತೋಷ್ಟೂ ತಾಳ್ಮೆ ಇಲ್ಲ ಪುಣ್ಯಾತ್ಮನಿಗೆ.

"ಗಾಡಿ ಬಿ"

ಬಂದೆ ಕಣೋ, ಬಂ—