ಅಗಸರ ಹೊಂಡದ ಮೂರು ಉಲ್ಲೇಖಗಳು

ಕೆಂಚನಹಾಳ
ಇಸವಿ ೨೧೮೮, ಮಳೆತಿಂಗಳ ನಲವತ್ತೊಂದನೆಯ ದಿನ

ಸುನಂದಾ ಕಮ್ಮಾರ ಅವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಮಳೆ ಹಿಡಿದ ದಿನದಿಂದ ಬಿಡುವ ದಿನದವರೆಗೆ ನಮಗೆ ಒಂದೇ ತಿಂಗಳು. ನನ್ನ ಮಾತು ಎಲ್ಲಾದರೂ ವಿಚಿತ್ರವೆನಿಸಿದರೆ ಮನ್ನಿಸಿ. ನಿಮ್ಮ ಕಾಲದ ಕನ್ನಡವನ್ನು ಪುಸ್ತಕಗಳಿಂದ ಕಲಿತವಳು ನಾನು. ನೀವು ೨೦೨೬ರಲ್ಲಿ ನಮ್ಮೂರ ನೀರಿನ ಬಗ್ಗೆ ಪ್ರಬಂಧ ಬರೆಯುತ್ತಿದ್ದೀರಿ. ಅದರ ಮುಗಿದ ಪ್ರತಿ ನನ್ನ ಮುಂದಿದೆ.

ನಮ್ಮ ಓಣಿಯ ಇನ್ನೂರು ಮನೆಗಳು ಇಂದಿಗೂ ಅಗಸರ ಹೊಂಡದಿಂದಲೇ ನೀರು ತರುತ್ತವೆ. ಈಗ ಒಂದು ಕಂಪನಿ ಹೊಂಡ ತನ್ನದು ಎನ್ನುತ್ತಿದೆ. ಇಂಥ ತಕರಾರು ತೀರ್ಮಾನಿಸುವುದು ಆಧಾರಪೀಠ. ಬರಹದ ಆಧಾರ ತೋರಿಸಿದರೆ ಆ ಸಂಗತಿ ಇತ್ತು, ತೋರಿಸದಿದ್ದರೆ ಇರಲಿಲ್ಲ. ಅದರ ಕಾನೂನು ಇಷ್ಟೇ. ಜಾಲ ವಿಶ್ವಕೋಶದಲ್ಲಿ ನಮ್ಮೂರಿನ ಲೇಖನ ಈ ಹೊಂಡವನ್ನು ‘ಸಾರ್ವಜನಿಕ’ ಎಂದು ಕರೆದಿತ್ತು. ಎಂಟು ವರ್ಷದವಳಿದ್ದಾಗ ನಾನೇ ಓದಿದ್ದೇನೆ, ಮರೆತಿಲ್ಲ. ಕಂಪನಿ ಅರ್ಜಿ ಹಾಕುವ ಮೂರು ದಿನ ಮೊದಲು ಆ ವಾಕ್ಯ ಕಾಣೆಯಾಯಿತು. ಆಕಸ್ಮಿಕವಂತೆ! ಹಳೆಯ ಆವೃತ್ತಿಗಳೆಲ್ಲ ಕಣಜ ಎಂಬ ದಾಖಲೆಮನೆಯಲ್ಲಿ ಭದ್ರವಾಗಿವೆ, ಆದರೆ ಆವೃತ್ತಿಯ ಸಂಖ್ಯೆ ಹೇಳದೆ ಅಲ್ಲಿ ಯಾರೂ ಕಪಾಟು ತೆರೆಯುವುದಿಲ್ಲ.

ಹಾಗಾಗಿ ನಿಮ್ಮನ್ನು ಹುಡುಕಿದೆ. ಹೊಂಡ ಸಾರ್ವಜನಿಕ ಎನ್ನಲು ಅದೇ ಲೇಖನವನ್ನು ನೀವು ಮೂರು ಕಡೆ ಉಲ್ಲೇಖಿಸಿದ್ದೀರಿ. ಪ್ರಬಂಧದಲ್ಲಿ ಶೀರ್ಷಿಕೆ ಮೊದಲು, ಆಮೇಲೆ ವಿಶ್ವಕೋಶದ ಹೆಸರು, ಕೊನೆಗೆ ನೀವು ನೋಡಿದ ದಿನ. ಪತ್ರಿಕೆಯ ಲೇಖನದಲ್ಲಿ ಬರೀ ಇಸವಿ, ಅದೂ ಕಂಸದೊಳಗೆ. ವಿಚಾರ ಸಂಕಿರಣದ ಬರಹದಲ್ಲಿ ಲೇಖಕರ ಜಾಗದಲ್ಲಿ ‘ವಿಶ್ವಕೋಶದ ಕೊಡುಗೆದಾರರು’. ಕೇಳಿದವರು ಕೇಳಿದ ಪದ್ಧತಿಯಲ್ಲಿ ಕೊಟ್ಟಿದ್ದೀರಿ, ತಪ್ಪಲ್ಲ. ಆದರೆ ಪೀಠದ ಹಿರಿಯ ಶಂಕ್ರಣ್ಣ ಬೆಲ್ಲದ ಮೂರನ್ನೂ ಪಕ್ಕಪಕ್ಕ ಇಟ್ಟು ನಕ್ಕರು.

“ಕಾಳವ್ವಾರ, ಇವು ಮೂರು ಬ್ಯಾರೆ ಬ್ಯಾರೆ ಲೇಖನ ಅದಾವಲ್ರೀ?”

“ಅಲ್ರೀ ಸಾಹೇಬ್ರ, ಲೇಖನ ಒಂದ. ಅಂಗಿ ಮೂರು.”

“ಹಂಗಾದ್ರ ಆ ಕೊಡುಗೆದಾರರನ್ನ ಕರಕೊಂಡ ಬರ್ರಿ, ಸಾಕ್ಷಿ ಹೇಳ್ಲಿ.”

ಕಂಪನಿಯ ವಕೀಲ ಗಹಗಹಿಸಿದ. ಮರುದಿನ ನಿಜವಾಗಿಯೂ ‘ಕೊಡುಗೆದಾರರು’ ಎಂಬ ಹೆಸರಿಗೆ ಸಮನ್ಸ್ ಹೊರಟಿತು. ಉಲ್ಲೇಖದ ಪದ್ಧತಿ ಹಲವು ಎಂಬುದನ್ನೇ ಮರೆತ ಕಾಲ ಇದು; ಅಥವಾ ಮರೆತಂತೆ ನಟಿಸುವ ಕಾಲ. ನನಗೆ ಎರಡನೆಯದರ ಮೇಲೇ ಅನುಮಾನ.

ಉಳಿದದ್ದು ನೀವು ನೋಡಿದ ದಿನ ಒಂದೇ: ೨೦೨೬ರ ಮಾರ್ಚ್ ೯. ಆ ದಿನ ಲೇಖನವನ್ನು ಹನ್ನೊಂದು ಸಲ ತಿದ್ದಲಾಗಿದೆ ಎಂದಷ್ಟೇ ಕಣಜದವರು ತಿಳಿಸಿದರು. ಹನ್ನೊಂದರಲ್ಲಿ ಯಾವುದು ನಿಮ್ಮ ಕಣ್ಣ ಮುಂದಿತ್ತು? ಆಗಲೂ ‘ಸಾರ್ವಜನಿಕ’ ಎಂಬ ಆ ಪದಕ್ಕಾಗಿ ಯಾರೋ ಜಗ್ಗಾಡುತ್ತಿದ್ದರೇ?

ನನ್ನ ಕೋರಿಕೆ ಸಣ್ಣದು. ಲೇಖನದ ಪಕ್ಕದಲ್ಲಿ ‘ಹಿಂದಿನ ಆವೃತ್ತಿಗಳು’ ಎಂಬ ಗುಂಡಿ ಇರುತ್ತದೆ. ಒತ್ತಿ, ನೀವು ಓದಿದ ಆವೃತ್ತಿಯ ಶಾಶ್ವತ ಕೊಂಡಿಯನ್ನು ಸಂಖ್ಯೆಸಹಿತ ಪ್ರಬಂಧದ ಅಡಿಟಿಪ್ಪಣಿಯಲ್ಲಿ ಬರೆಯಿರಿ. ಪದ್ಧತಿ ಯಾವುದಾದರೂ ಇರಲಿ, ಸಂಖ್ಯೆ ಬಿಡಬೇಡಿ. ಮಾರ್ಗದರ್ಶಕರು ಬೇಡವೆಂದರೂ ಬಿಡಬೇಡಿ.

ತೀರ್ಪಿಗೆ ಒಂಬತ್ತು ದಿನ ಉಳಿದಿವೆ. ಆ ಉಲ್ಲೇಖವಿರುವ, ನಿಮ್ಮ ಪ್ರಬಂಧದ ಅರವತ್ತೊಂದನೆಯ ಪುಟದ ಕೆಳಗೆ ಎರಡು ಬೆರಳಗಲ ಜಾಗ ಖಾಲಿಯಿದೆ. ಹೊಂಡದಿಂದ ನೀರು ತಂದಿಟ್ಟ ಮೇಲೆ, ಪ್ರತಿ ಬೆಳಗ್ಗೆ, ಅಲ್ಲಿ ಸಂಖ್ಯೆ ಮೂಡಿದೆಯೇ ಎಂದು ಆ ಪುಟ ತೆರೆದು ನೋಡುತ್ತೇನೆ.

ಕಾಳವ್ವ ಮಡಿವಾಳರ