ಅಕ್ಕನ ಪುಸ್ತಕದ ಬೆನ್ನುಡಿ

ಮಾರ್ಚ್ 4, ಸೋಮವಾರ

ಬೆಳಗ್ಗೆಯಿಂದ ಮೂರು ಬೆನ್ನುಡಿ. ಅಡುಗೆ ಪುಸ್ತಕ, ಪತ್ತೇದಾರಿ, ಯಾರದೋ ಆತ್ಮಕಥೆ. ಮೂರಕ್ಕೂ ‘ಓದಲೇಬೇಕಾದ ಕೃತಿ’ ಅಂತ ಬರೆದು ಕೈತೊಳೆದುಕೊಂಡೆ. ನಾಲ್ಕನೆಯದು ಅಕ್ಕನ ಕಾದಂಬರಿ. ಅವಳ ಮೊದಲನೆಯದು, ನಮ್ಮ ಪ್ರಕಾಶನದಿಂದಲೇ ಬರುತ್ತಿದೆ. ಅದರ ಮುಂದೆ ಕೂತರೆ ಒಂದು ಸಾಲೂ ಹೊರಡಲಿಲ್ಲ. ಏನೋ ಗೀಚಿ ಚೀಲಕ್ಕೆ ಹಾಕಿಕೊಂಡೆ.

ಮಾರ್ಚ್ 5

ಆಸ್ಪತ್ರೆ. ಅಕ್ಕನ ಮೂಗಿಗೆ ಆಕ್ಸಿಜನ್ ನಳಿಕೆ. ಶ್ವಾಸಕೋಶ ಸೋತಿದೆ, ಇನ್ನು ಹೆಚ್ಚು ದಿನ ಇಲ್ಲ — ಡಾಕ್ಟರ್ ಭಾವನಿಗೆ ಹೇಳಿದ್ದಾರೆ. ಅಕ್ಕನಿಗೂ ಗೊತ್ತು.

ನನ್ನ ಕರಡು ಓದಿದಳು. “ಹೃದಯಸ್ಪರ್ಶಿ, ಅಪೂರ್ವ, ಮನಮಿಡಿಯುವ... ಏನೇ ಇದು, ಸನ್ಮಾನಪತ್ರನಾ?”

“ಮತ್ತೇನು ಬರೀಲಿ?”

“ಹೊಗಳೋದು ಓದೋರ ಕೆಲಸ. ಯಾರು, ಅವನಿಗೇನಾಯ್ತು, ಅದಕ್ಕೆ ಅವನೇನು ಮಾಡ್ದ — ಅಷ್ಟು ಹೇಳಿ ಸುಮ್ಮನಾಗು. ನನ್ನ ಕಾಯಿಲೆ ಸುದ್ದಿ ಮಾತ್ರ ಎತ್ತಬೇಡ. ಇದು ನಗೋ ಪುಸ್ತಕ ಕಣೇ.”

ನಗಲು ಹೋಗಿ ಕೆಮ್ಮು ಬಂತು. ನಿಲ್ಲಲೇ ಇಲ್ಲ. ನರ್ಸ್ ನನ್ನನ್ನು ಹೊರಗೆ ಕಳಿಸಿದರು.

ಮಾರ್ಚ್ 9

ಹೊಸದಾಗಿ ಬರೆದ ಎರಡು ವಾಕ್ಯ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದಳು. “ಎರಡನೇದು ಉದ್ದ ಆಯ್ತು. ಉಸಿರು ಸಾಲಲ್ಲ.”

ಓದುಗರ ಉಸಿರೋ ಅವಳದೋ — ಕೇಳಲಿಲ್ಲ.

ಮಾರ್ಚ್ 22

ಅಕ್ಕ ಹೋದಳು. ಕಳೆದ ವಾರ. ಇಲ್ಲಿ ಬರೆಯಲು ಕೈ ಏಳಲಿಲ್ಲ.

ಮಾರ್ಚ್ 25

ಆಫೀಸು. ಪ್ರಕಾಶನದ ಯಜಮಾನರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

“ತಪ್ಪು ತಿಳೀಬೇಡಮ್ಮ. ‘ಸಾವಿನ ಹಾಸಿಗೆಯಲ್ಲಿ ಬರೆದ ಕಾದಂಬರಿ’ ಅಂತ ಮೇಲೊಂದು ಸಾಲು ಹಾಕೋಣ. ಜನ ಕೈಗೆತ್ತಿಕೊಳ್ತಾರೆ.”

“ಕಾಯಿಲೆ ಬರೋಕೆ ಮುಂಚೆನೇ ಬರೆದದ್ದು ಸರ್. ಅಳೋಕಂತ ಕೊಂಡೋರು ಎರಡನೇ ಪುಟಕ್ಕೇ ನಕ್ಕುಬಿಟ್ರೆ, ಮೋಸ ಹೋದ್ವಿ ಅಂದ್ಕೊಳ್ತಾರೆ.”

“ನಗಿಸೋ ಹಾಗೆ ಬರೆಯೋಕೆ ನಿನಗೀಗ ಆಗುತ್ತಾ?”

ಸಂಜೆಯವರೆಗೆ ಟೈಮ್ ಕೇಳಿದೆ.

ಅದೇ ದಿನ, ಸಂಜೆ

ಹಸ್ತಪ್ರತಿ ಮೊದಲಿಂದ ಓದಿದೆ. ಒಂದು ಕಡೆ ಜೋರಾಗಿ ನಕ್ಕುಬಿಟ್ಟೆ. ಅಕೌಂಟ್ಸ್‌ನವರು ತಿರುಗಿ ನೋಡಿದರು. ಈ ಜಾಗ ಚೆನ್ನಾಗಿದೆ ಅಂತ ಅಕ್ಕನಿಗೆ ಹೇಳೋಣವೆಂದು ಫೋನಿಗೆ ಕೈ ಹೋಯಿತು... ಬಾತ್‌ರೂಮಿಗೆ ಹೋದೆ. ಮುಖ ತೊಳೆದು ಬಂದು ಬರೆದೆ:

“ಹೆಂಡತಿ ಮನೆ ಬಿಟ್ಟುಹೋದ ಮರುದಿನದಿಂದ ದರ್ಜಿ ಎಲ್ಲರ ಬಟ್ಟೆಯನ್ನೂ ಒಂದಿಂಚು ಬಿಗಿಯಾಗಿ ಹೊಲಿಯತೊಡಗಿದ. ಈಗ ಊರಿಗೆ ಊರೇ ಉಸಿರು ಬಿಗಿಹಿಡಿದು ನಿಂತಿದೆ. ಗುಂಡಿಗಳು ಸಿಡಿಯುವ ಮೊದಲು ಯಾರಾದರೂ ಅವಳನ್ನು ಹುಡುಕಬೇಕು.”

ಯಜಮಾನರು ಓದಿದರು. ತುಟಿ ಅದುಮಿ ಹಿಡಿದರೂ ನಗು ತಪ್ಪಿಸಿಕೊಂಡಿತು. “ಇದೇ ಇರಲಿ. ಇನ್ನೇನೂ ಬೇಡ” ಅಂದವರು, ಕನ್ನಡಕ ಒರೆಸುತ್ತ ಎದ್ದು ಹೋದರು.

ಏಪ್ರಿಲ್ 2

ಕೊನೆಯ ಪ್ರೂಫ್. ಬೆನ್ನುಡಿಯ ಕೆಳಗೆ ಲೇಖಕಿಯ ಪರಿಚಯ, ಒಂದೇ ಸಾಲು. ಆಸ್ಪತ್ರೆ ಸೇರುವ ಮೊದಲು ಅಕ್ಕನೇ ಬರೆದುಕೊಟ್ಟದ್ದು — “ಗಂಡ, ಮಗಳು ಮತ್ತು ಎಂದೂ ಮುಗಿಯದ ಇಸ್ತ್ರಿ ಬಟ್ಟೆಗಳ ಜೊತೆ ವಾಸಿಸುತ್ತಾರೆ.”

ಕೊನೆಯ ಪದಕ್ಕೆ ಯಜಮಾನರು ಪೆನ್ಸಿಲಿನಲ್ಲಿ ತೆಳ್ಳಗೆ ಸುತ್ತು ಹಾಕಿದ್ದಾರೆ. ಕಾಲ ಬದಲಾಯಿಸಬೇಕು, ಅಷ್ಟೇ. ಸಣ್ಣ ಕೆಲಸ. ದಿನಾ ಮಾಡುವಂಥದ್ದು.

ಹಿಂದಿನಿಂದ ಒಂದೊಂದೇ ಅಕ್ಷರ ಅಳಿಸುತ್ತ ಬಂದೆ. ಪರದೆಯ ಮೇಲೆ ಈಗ ‘ವಾಸಿಸು’ ಅಂತ ಮಾತ್ರ ಉಳಿದಿದೆ. ಇನ್ನು ಇದರ ಮುಂದೆ ‘ತ್ತಿದ್ದರು’ ಅಂತ ಸೇರಿಸಬೇಕು —